ನಿಂತುಹೋದ ಆಟದ ಅಂಬಿಗ

ಚೆನ್ನಯ ಅವರ ಎಡಹುಬ್ಬು ಎರಡು ತುಂಡು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದ ಹೋಟೆಲೊಂದರ ಅಡುಗೆಮನೆಯಲ್ಲಿ, ಅಟ್ಟದ ಮೇಲಿಟ್ಟಿದ್ದ ಇಡ್ಲಿ ಪಾತ್ರೆಯ ಮುಚ್ಚಳ ಜಾರಿ ಬಿದ್ದು ಆದ ಗಾಯ. ಮೂರು ಹೊಲಿಗೆ ಬಿತ್ತು, ಅಲ್ಲಿ ಕೂದಲು ಮತ್ತೆ ಬರಲಿಲ್ಲ. ಕಾಪುವಿನ ಕಡೆಯವರು. ಅವರ ತಂದೆ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದರು. ಸೇತುವೆ ಆದಮೇಲೆ ದೋಣಿಗೆ ಕೆಲಸವಿಲ್ಲದೆ ಹೋಗಿ, ಮಗ ಹದಿನಾರರಲ್ಲೇ ಮುಂಬಯಿ ಬಸ್ಸು ಹತ್ತಿದ. ನೌಪಾಡಾದ ಆ ಹೋಟೆಲಿನಲ್ಲಿ ಮೇಜು ಒರೆಸುವುದರಿಂದ ಹಿಡಿದು ದೋಸೆಯ ಕಾವಲಿಯವರೆಗೆ ಇಪ್ಪತ್ತೆಂಟು ವರ್ಷ ದುಡಿದರು. ಲಾಕ್‌ಡೌನಿನಲ್ಲಿ ಮುಚ್ಚಿದ ಹೋಟೆಲು ಮತ್ತೆ ತೆರೆಯಲಿಲ್ಲ.

ಆ ದಿನಗಳಲ್ಲಿ ಅವರು ಠಾಕುರ್ಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಿದ್ದರು. ಹೆಂಡತಿ ಬಾಗಿಯವರು ತರಕಾರಿ ಹೆಚ್ಚುವುದಕ್ಕೂ ಅವರಿಗೆ ಬಿಡುತ್ತಿರಲಿಲ್ಲ. ಹೋಟೆಲಿನ ಲೆಕ್ಕದಲ್ಲಿ ಹೆಚ್ಚಿದರೆ ಮೂರು ದಿನಕ್ಕಾಗುವಷ್ಟು ಪಲ್ಯವಾಗುತ್ತಿತ್ತು. ಕೆಲಸವಿದ್ದದ್ದು ಮಗಳು ಅಮಿತಾಳಿಗೆ ಮಾತ್ರ. ಚಿತ್ರಕಲೆ ಓದಿ ಮುಗಿಸಿ, ಘಣಸೋಲಿಯಲ್ಲಿ ವಿಡಿಯೋ ಗೇಮ್ ತಯಾರಿಸುವ ಒಂದು ಕಂಪನಿಗೆ ಸೇರಿ ಅವಳಿಗೆ ಐದು ತಿಂಗಳಾಗಿತ್ತು. ಕಂಪನಿಯ ಕಂಪ್ಯೂಟರನ್ನು ಮನೆಗೆ ತಂದು, ಅಡುಗೆಕಟ್ಟೆಯ ಪಕ್ಕದಲ್ಲಿಟ್ಟುಕೊಂಡು ಚಿತ್ರ ಬರೆಯುತ್ತಿದ್ದಳು.

ಅದು ಟೀವಿಗೆ ಪೆಟ್ಟಿಗೆ ಜೋಡಿಸಿ ಆಡುವ ದೊಡ್ಡ ಆಟ. ಹೊರದೇಶದ ಕಂಪನಿಯೊಂದು ಅದನ್ನು ಮಾಡಿಸುತ್ತಿತ್ತು. ನೀರಿನಲ್ಲಿ ಅರ್ಧ ಮುಳುಗಿದ ಒಂದು ಪಟ್ಟಣ. ಅಲ್ಲಿ ದಾರಿ ತಪ್ಪಿದ ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಅವರವರ ಮನೆಗೆ ಮುಟ್ಟಿಸುವ ಒಬ್ಬ ಅಂಬಿಗ. ಆ ಅಂಬಿಗನನ್ನು ಬರೆಯುವ ಕೆಲಸ ಅಮಿತಾಳ ಪಾಲಿಗೆ ಬಂದಿತ್ತು. ಅವಳು ಬರೆದ ಹತ್ತು ಮುಖಗಳೂ ಮೇಲಿನವರಿಗೆ ಹಿಡಿಸಿರಲಿಲ್ಲ. ಹನ್ನೊಂದನೆಯದಕ್ಕೆ ಅವಳು ಅಪ್ಪನನ್ನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಕೈಗೆ ನೆಲ ಒರೆಸುವ ಕೋಲು ಕೊಟ್ಟಳು.

ಚೆನ್ನಯ ಕೋಲನ್ನು ಎರಡು ಸಲ ತಿರುಗಿಸಿ ನೋಡಿ, ಹುಟ್ಟು ಹೀಗೆ ಹಿಡಿಯುವುದಲ್ಲ ಎಂದರು. ಎದ್ದು ನಿಂತು ಬಲಗಾಲು ಹಿಂದಿಟ್ಟು, ಸೊಂಟ ತಿರುಗಿಸಿ, ತಂದೆ ಹೇಗೆ ನೀರು ತಳ್ಳುತ್ತಿದ್ದರೆಂದು ತೋರಿಸಿದರು. ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ ಹಾಗೆ ನಿಂತರು. ಬೆಳಗ್ಗೆ ಅವರೇ ಸ್ನಾನ ಮಾಡಿ, ಶರಟು ಹಾಕಿಕೊಂಡು, ಇವತ್ತು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಹುಬ್ಬಿನ ಗಾಯವನ್ನು ಬಿಟ್ಟು ಬರೆಯಲೇ ಎಂದು ಅಮಿತಾ ಕೇಳಿದ್ದಕ್ಕೆ, ಇದ್ದದ್ದು ಇದ್ದ ಹಾಗೆ ಬರಿ ಎಂದಿದ್ದರು. ಚಿತ್ರ ಒಪ್ಪಿಗೆಯಾಯಿತು. ಆ ತಂಡದ ಮೂವತ್ತು ಚಿಲ್ಲರೆ ಜನ ಆ ಅಂಬಿಗನನ್ನು ‘ಅಣ್ಣಾ’ ಎಂದು ಕರೆಯುತ್ತಾರೆಂದು ಮಗಳು ಹೇಳಿದಾಗ ಅವರಿಗೆ ಬಹಳ ಸಂತೋಷವಾಗಿತ್ತು. ಗುಟ್ಟಿನ ಕೆಲಸವಾದ್ದರಿಂದ ಯಾರಿಗೂ ಹೇಳುವ ಹಾಗಿರಲಿಲ್ಲ.

ಮುಂದೆ ಅವರು ಡ್ರೈವಿಂಗ್ ಕಲಿತು, ಹಳೆಯದೊಂದು ಹಳದಿ ವ್ಯಾನ್ ತೆಗೆದುಕೊಂಡು, ಠಾಕುರ್ಲಿಯ ಮಕ್ಕಳನ್ನು ಡೊಂಬಿವಲಿಯ ಶಾಲೆಗೆ ಕರೆದೊಯ್ಯುವ ಕೆಲಸ ಹಿಡಿದರು. ಆಟ ಮೂರು ವರ್ಷ ನಡೆದು, ಇನ್ನೇನು ಮುಗಿಯಿತು ಎನ್ನುವಾಗ ನಿಂತುಹೋಯಿತು. ಹೊರದೇಶದವರಿಗೆ ಬೇಡವಾಯಿತಂತೆ. ಹದಿನೈದು ನಿಮಿಷದ ಮೀಟಿಂಗಿನಲ್ಲಿ ವಿಷಯ ತಿಳಿಸಿ, ಆ ವಾರವೇ ತಂಡದ ಮುಕ್ಕಾಲು ಜನರನ್ನು ಮನೆಗೆ ಕಳಿಸಿದರು. ಅಮಿತಾ ಉಳಿದಳು, ಮೊಬೈಲ್ ಆಟಗಳಿಗೆ ಮಿಠಾಯಿ, ನಾಣ್ಯ, ಚಿನ್ನದ ಪೆಟ್ಟಿಗೆ ಬರೆಯುವ ವಿಭಾಗಕ್ಕೆ ಅವಳನ್ನು ಹಾಕಿದರು. ಅಂಬಿಗನಿದ್ದ ಸಾವಿರಾರು ಚಿತ್ರಗಳು ಕಂಪನಿಯ ಭಂಡಾರದಲ್ಲಿ ಬಿದ್ದಿದ್ದವು. ಅವಳು ಸಹಿ ಹಾಕಿದ ಕಾಗದದ ಪ್ರಕಾರ ಅವು ಕಂಪನಿಯ ಸ್ವತ್ತು. ಒಂದನ್ನೂ ಅವಳು ಇಟ್ಟುಕೊಳ್ಳುವಂತಿರಲಿಲ್ಲ.

ನಡೆದದ್ದು ಕಳೆದ ವರ್ಷ ಜುಲೈಯ ಒಂದು ಗುರುವಾರ.

ಚೆನ್ನಯ ಅವರ ವ್ಯಾನಿನಲ್ಲಿ ಏಳು ಮಕ್ಕಳು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಒಂದನೆಯ ತರಗತಿಯ ಪ್ರೇಕ್ಷಾ. ಅವಳ ತಾಯಿ ನಿಶಾ ಉಡುಪಿಯವರ ಮನೆಯ ಸೊಸೆ, ಠಾಣೆಯ ಒಂದು ಬ್ಯಾಂಕಿನಲ್ಲಿ ಕೆಲಸ. ಆ ಬೆಳಗ್ಗೆ ಮಗಳನ್ನು ವ್ಯಾನಿಗೆ ಹತ್ತಿಸಿ, ಲೋಕಲ್ ಹಿಡಿದು, ನಿಂತುಕೊಂಡೇ ಮೊಬೈಲ್ ನೋಡುವಾಗ, ಅವರ ಕಟ್ಟಡದ ಗ್ರೂಪಿನಲ್ಲಿ ಒಂದು ಚಿತ್ರ ಬಂದಿತ್ತು. ಕತ್ತಲಲ್ಲಿ ಲಾಟೀನು ಹಿಡಿದ ಒಬ್ಬ ಮನುಷ್ಯ. ಕಣ್ಣು ಕೆಂಪು. ಹಿಂದೆ ಮುದುಡಿ ಕೂತ ಎರಡು ಮಕ್ಕಳು. ಮೇಲೆ ಹಿಂದಿಯಲ್ಲಿ ಕೆಂಪಕ್ಷರ: ‘ಮಕ್ಕಳ ಕಳ್ಳ ಡೊಂಬಿವಲಿಯಲ್ಲಿದ್ದಾನೆ. ಇವನನ್ನು ಗುರುತಿಸಬಲ್ಲಿರಾ?’ ಚಿತ್ರವನ್ನು ಕಳಿಸಿದವರಿಗೂ ಅದು ಬೇರೆಲ್ಲಿಂದಲೋ ಬಂದಿತ್ತು. ಅದರ ಕೆಳತುದಿ ಕತ್ತರಿಸಿಹೋಗಿದ್ದರಿಂದ ಅದು ಒಂದು ಮೊಬೈಲ್ ಆಟದ ಜಾಹೀರಾತು ಎಂದು ತಿಳಿಯುವಂತಿರಲಿಲ್ಲ.

ಹುಬ್ಬು ನೋಡಿ ನಿಶಾ ಚಿತ್ರವನ್ನು ದೊಡ್ಡದು ಮಾಡಿದಳು. ಇವರು ನಮ್ಮ ವ್ಯಾನಿನ ಚೆನ್ನಯಣ್ಣನ ಹಾಗೆ ಕಾಣ್ತಾರೆ, ಯಾರಿಗಾದರೂ ಗೊತ್ತಾ ಎಂದು ಅವಳು ಗ್ರೂಪಿನಲ್ಲಿ ಬರೆದಳು. ಅಷ್ಟರಲ್ಲಿ ಠಾಣೆ ಬಂತು. ಮೊಬೈಲನ್ನು ಬ್ಯಾಗಿಗೆ ಹಾಕಿ ಇಳಿದಳು, ಬ್ಯಾಂಕಿನ ಕೌಂಟರಿನಲ್ಲಿ ಕೂತವಳಿಗೆ ಅದನ್ನು ತೆಗೆದು ನೋಡಲು ಪುರುಸೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಪ್ರಶ್ನೆಯ ‘ಗೊತ್ತಾ’ ಉದುರಿಹೋಗಿ, ಬರೀ ಹೆಸರು ಉಳಿದು, ಅದಕ್ಕೆ ಯಾರೋ ವ್ಯಾನಿನ ನಂಬರನ್ನೂ ಸೇರಿಸಿ, ಹತ್ತಾರು ಗ್ರೂಪುಗಳನ್ನು ದಾಟಿತ್ತು.

ಹನ್ನೆರಡೂವರೆಗೆ ಶಾಲೆ ಬಿಟ್ಟಿತು. ಮಕ್ಕಳನ್ನು ಕೂರಿಸಿಕೊಂಡು ಚೆನ್ನಯ ಠಾಕುರ್ಲಿಯ ತೊಂಬತ್ತು ಅಡಿ ರಸ್ತೆಗೆ ಬರುವಾಗ ಎರಡು ಬೈಕುಗಳು ವ್ಯಾನಿಗೆ ಅಡ್ಡ ಬಂದು ನಿಂತವು. ಜಡಿಮಳೆ. ಬೈಕಿನಿಂದ ಇಳಿದ ನಾಲ್ವರಲ್ಲಿ ಒಬ್ಬ ಕಿಟಕಿಯ ಹತ್ತಿರ ಬಂದು, ಮೊಬೈಲನ್ನು ಅವರ ಕೆನ್ನೆಯ ಪಕ್ಕದಲ್ಲಿ ಹಿಡಿದು, ಚಿತ್ರವನ್ನೂ ಮುಖವನ್ನೂ ನೋಡಿದ. ಹಿಂದಿನವರ ಕಡೆ ತಿರುಗಿ ತಲೆಯಾಡಿಸಿದ.

ಚೆನ್ನಯ ಚಿತ್ರವನ್ನು ನೋಡಿದರು. ತನ್ನ ಬಲಗಾಲು, ತನ್ನ ಸೊಂಟ, ತನ್ನ ಹುಬ್ಬು. ಐದು ವರ್ಷಗಳ ಹಿಂದಿನ ಆ ಚಿತ್ರ ಇಲ್ಲಿಗೆ ಹೇಗೆ ಬಂತೆಂದು ಅವರಿಗೆ ಹೊಳೆಯಲಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ.

“ಹಾಂ, ಮೈ ಹೀ ಹೂಂ,” ಎಂದರು. “ಮೇರೀ ಬೇಟೀನೇ ಬನಾಯಾ ಹೈ.”

ಆ ನಾಲ್ವರಿಗೆ ಕೇಳಿಸಿದ್ದು ‘ಹೌದು, ನಾನೇ’ ಎಂಬ ಮೊದಲ ಮಾತು ಮಾತ್ರ, ಮಗಳು ಬರೆದದ್ದೆಂಬುದು ಕೇಳಿಸಲಿಲ್ಲ. ಒಬ್ಬ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಅಂಗಡಿಗಳಿಂದ ಜನ ಇಳಿದು ಬರತೊಡಗಿದ್ದರು. ಎದುರಿನ ಎರಡು ಬೈಕುಗಳ ನಡುವೆ ವ್ಯಾನ್ ನುಗ್ಗುವಷ್ಟು ಜಾಗವಿತ್ತು, ಇಂಜಿನ್ ಇನ್ನೂ ಚಾಲೂ ಇತ್ತು. ಓಡಿಸಿದರೆ ಏಳು ಮಕ್ಕಳನ್ನು ಹೊತ್ತು ಓಡಿದ ಹಾಗಾಗುತ್ತದೆ. ಎಲ್ಲಿಯೋ ಒಂದು ಕಡೆ ಹಿಡಿದೇ ಹಿಡಿಯುತ್ತಾರೆ, ಆಗ ಕಲ್ಲು ಬೀಳುವುದು ಮಕ್ಕಳ ಮೇಲೂ. ಅವರು ಇಂಜಿನ್ ಆರಿಸಿದರು. ಕೀ ತೆಗೆದು, ಆ ಗಂಡಸರಿಗೆ ಯಾರಿಗೂ ಕೊಡದೆ, ಫುಟ್‌ಪಾತಿನಲ್ಲಿ ಸೊಪ್ಪು ಮಾರುವ ಹೆಂಗಸನ್ನು ಕರೆದು ಕಿಟಕಿಯಿಂದ ಅವಳ ಕೈಗಿಟ್ಟರು. ಮಾವಶೀ, ಮಕ್ಕಳನ್ನು ನೋಡಿಕೊಳ್ಳಿ, ಇವರವರ ತಾಯಂದಿರು ಬರುವವರೆಗೆ ಯಾರಿಗೂ ಬಾಗಿಲು ತೆಗೆಯಬೇಡಿ ಎಂದು ಮರಾಠಿಯಲ್ಲಿ ಹೇಳಿದರು. ಹಿಂದೆ ತಿರುಗಿ ಮಕ್ಕಳಿಗೆ, ಒಬ್ಬೊಬ್ಬರಾಗಿ ಅಮ್ಮನ ನಂಬರು ಈ ಅಜ್ಜಿಗೆ ಹೇಳಿ ಎಂದರು. ವ್ಯಾನಿಗೆ ಸೇರುವ ಪ್ರತಿ ಮಗುವಿಗೂ ಅವರು ಮೊದಲ ವಾರದಲ್ಲೇ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಪ್ರೇಕ್ಷಾ ಅಳುತ್ತಲೇ ಹತ್ತು ಅಂಕಿಗಳನ್ನು ಸರಿಯಾಗಿ ಹೇಳಿದಳು.

ಬಾಗಿಲು ಎಳೆದು ತೆರೆಯುವ ಮೊದಲು ಅವರು ಅಮಿತಾಳಿಗೆ ಫೋನ್ ಹಚ್ಚಿದ್ದರು.

“ಅಮಿತಾ, ನೀನು ಬರೆದ ಅಂಬಿಗ ಇಲ್ಲಿ ಜನರ ಮೊಬೈಲಿಗೆ ಬಂದಿದ್ದಾನೆ. ಮಕ್ಕಳ ಕಳ್ಳ ಅಂತ ಹಾಕಿದ್ದಾರೆ. ಅದು ಬರೀ ಚಿತ್ರ ಅಂತ ಯಾರಾದ್ರೂ ಹೇಳ್ಬೇಕು ಮಗಾ, ನಾನು ಹೇಳಿದ್ರೆ ಆಗ್ತಾ ಇಲ್ಲ.”

ಅಮಿತಾಳಿಗೆ ಆಮೇಲೆ ಕೇಳಿಸಿದ್ದು ಒಂದು ಏಟಿನ ಸದ್ದು, ಮಕ್ಕಳ ಕಿರುಚಾಟ. ಫೋನ್ ಕಡಿದುಹೋಯಿತು.

ಘಣಸೋಲಿಯ ಆ ಕಚೇರಿಯಲ್ಲಿ ಒಳಗೆ ಬರುವವರೆಲ್ಲರ ಮೊಬೈಲ್ ಕ್ಯಾಮೆರಾಕ್ಕೆ ಗೇಟಿನಲ್ಲೇ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಕಿತ್ತರೆ ಕೆಲಸ ಹೋಗುತ್ತದೆ. ಅಮಿತಾ ಕಂಪನಿಯ ಭಂಡಾರ ತೆರೆದು, ಎರಡು ವರ್ಷದಿಂದ ಮುಟ್ಟದ ಆ ಫೋಲ್ಡರ್ ಹುಡುಕಿದಳು. ಮೊದಲ ಚಿತ್ರ ಸಿಕ್ಕಿತು: ಸಂಜೆಯ ಬೆಳಕು, ಹುಟ್ಟು ಹಿಡಿದು ನಿಂತ ಅಪ್ಪ, ದೋಣಿಯಲ್ಲಿ ನಗುತ್ತ ಕೂತ ಎರಡು ಮಕ್ಕಳು. ಮೂಲೆಯಲ್ಲಿ ಅವಳ ಹೆಸರು, 2020ರ ತಾರೀಕು. ಅದರ ಪಕ್ಕದಲ್ಲೇ ಇನ್ನೊಂದು ಸಾಲಿತ್ತು: ಈ ಚಿತ್ರಗಳ ಗುಂಪನ್ನು ಕಳೆದ ತಿಂಗಳು ಮೊಬೈಲ್ ಆಟ ಮಾಡುವ ಮತ್ತೊಂದು ಕಂಪನಿಗೆ ಬಳಸಲು ಕೊಡಲಾಗಿದೆ. ಆ ಕಂಪನಿಯ ಜಾಹೀರಾತನ್ನು ಅವಳು ಮೊಬೈಲಿನಲ್ಲಿ ತೆರೆದು ನೋಡಿದಳು: ಸಂಜೆಯನ್ನು ರಾತ್ರಿ ಮಾಡಿ, ಹುಟ್ಟಿನ ಬದಲು ಲಾಟೀನು ಕೊಟ್ಟು, ಕಣ್ಣಿಗೆ ಕೆಂಪು ಹಚ್ಚಿದ್ದರು. ಮಕ್ಕಳ ನಗುವನ್ನು ಒರೆಸಿಹಾಕಿದ್ದರು.

ಅವಳ ವಿಭಾಗದ ಮುಖ್ಯಸ್ಥ ಮನೀಶ ಹಿಂದೆ ಬಂದು ನಿಂತಿದ್ದ. ನಿಂತುಹೋದ ಆಟದಲ್ಲಿ ದುಡಿದವರಲ್ಲಿ ಅವನೂ ಒಬ್ಬ. ಅವಳು ಎರಡೇ ಮಾತಿನಲ್ಲಿ ವಿಷಯ ಹೇಳಿ ಸ್ಟಿಕ್ಕರಿಗೆ ಉಗುರು ಹಾಕಿದಳು.

“ಅಮಿತಾ, ಮೇಲೆ ಕ್ಯಾಮೆರಾ ಇದೆ,” ಎಂದ ಮನೀಶ ಮೆಲ್ಲಗೆ. “ನಾನು ನೋಡಿಲ್ಲ ಅಂತ ಹೇಳೋಕೆ ಆಗಲ್ಲ.”

“ಮತ್ ಬೋಲೋ, ಹೇಳ್ಬೇಡ,” ಎಂದಳು ಅವಳು. ಸ್ಟಿಕ್ಕರ್ ಕಿತ್ತು, ಪರದೆಯ ಫೋಟೋ ತೆಗೆದು, ಬ್ಯಾಗು ಬಿಟ್ಟೇ ಹೊರಗೆ ಓಡಿದಳು.

ಅವಳು ರಿಕ್ಷಾದಲ್ಲಿ ಕೂತಾಗ ನಿಶಾ ಕರೆ ಮಾಡಿದಳು, ಸೊಪ್ಪಿನವಳು ನಿಶಾಳಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದಳು. ಮಕ್ಕಳು ಸುರಕ್ಷಿತವಾಗಿದ್ದಾರೆ, ನಿಮ್ಮಪ್ಪನನ್ನು ಪೊಲೀಸರು ಠಾಕುರ್ಲಿಯ ಚೌಕಿಗೆ ಕರೆದೊಯ್ದಿದ್ದಾರೆ, ಹೊರಗೆ ಜನ ಸೇರಿದ್ದಾರಂತೆ, ನಾನೂ ಹೊರಟಿದ್ದೇನೆ ಎಂದಳು. ಅವಳ ಧ್ವನಿಯಲ್ಲಿ ಮತ್ತೇನೋ ಇತ್ತು. ಅಮಿತಾಳಿಗೆ ಅದನ್ನು ಕೇಳುವ ತಾಳ್ಮೆ ಇರಲಿಲ್ಲ.

ಘಣಸೋಲಿಯಿಂದ ಠಾಣೆ, ಠಾಣೆಯಿಂದ ಠಾಕುರ್ಲಿ. ಎರಡು ಗಾಡಿ. ಠಾಣೆಯಲ್ಲಿ ಸ್ಲೋ ಲೋಕಲ್ ಹತ್ತಿ ಬಾಗಿಲ ಹತ್ತಿರ ನಿಂತಾಗ ಅವಳಿಗೆ ಒಂದು ಯೋಚನೆ ಬಂತು. ಅಪ್ಪ ಕಳ್ಳನಲ್ಲವೆಂದು ತೋರಿಸಲು ಅವಳ ಬಳಿ ಇರುವುದು ಅವಳದೇ ಚಿತ್ರ. ಮಗಳ ಮಾತು ಯಾರು ಕೇಳುತ್ತಾರೆ? ಆದರೆ ಇಂಥ ಜಾಹೀರಾತುಗಳನ್ನು ಹೇಗೆ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಊರಿನ ಹೆಸರನ್ನು ಯಾರೂ ಬರೆದಿರುವುದಿಲ್ಲ. ನೋಡುವವನ ಮೊಬೈಲ್ ಎಲ್ಲಿದೆಯೋ ಆ ಊರಿನ ಹೆಸರು ತಾನಾಗಿ ಬಂದು ಕೂರುತ್ತದೆ. ಕೆಲಸ ಕಳಕೊಂಡು ಚದುರಿಹೋದ ಹಳೆಯ ತಂಡದವರ ಗ್ರೂಪೊಂದು ಇನ್ನೂ ಉಳಿದಿತ್ತು. ಒಂದೂವರೆ ವರ್ಷದಿಂದ ಅದರಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಏನೂ ಬಂದಿರಲಿಲ್ಲ. ಅವಳು ಅಲ್ಲಿ ಬರೆದಳು: ಅಣ್ಣಾನ ಮೇಲೆ ಜನ ಕೈ ಮಾಡಿದ್ದಾರೆ, ನೀವಿರುವ ಊರಲ್ಲಿ ಈ ಜಾಹೀರಾತು ತೆರೆದು, ನಿಮ್ಮ ಪರದೆಯ ಚಿತ್ರ ಕೂಡಲೇ ಕಳಿಸಿ.

ದಿವಾ ಸ್ಟೇಷನ್ ದಾಟುವಾಗ ಎದುರು ಸೀಟಿನ ಹೆಂಗಸು ಪಕ್ಕದವಳಿಗೆ ಮೊಬೈಲ್ ತೋರಿಸುತ್ತ, ಸಿಕ್ಕಿಬಿದ್ದನಂತೆ, ಮಕ್ಕಳನ್ನು ವ್ಯಾನಿನಲ್ಲೇ ತುಂಬಿಕೊಂಡು ಹೋಗುತ್ತಿದ್ದನಂತೆ ಎನ್ನುತ್ತಿದ್ದಳು. ಅಮಿತಾ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಬಗ್ಗಿ ಮರಾಠಿಯಲ್ಲಿ, ಅದು ನನ್ನಪ್ಪ, ಆ ಚಿತ್ರ ಬರೆದವಳು ನಾನು ಎಂದಳು. ಇಬ್ಬರೂ ಅವಳನ್ನೇ ನೋಡಿದರು. ಪಕ್ಕದವಳು ಮಡಿಲಲ್ಲಿದ್ದ ಮಗುವನ್ನು ಇನ್ನೊಂದು ಕಡೆಗೆ ಸರಿಸಿಕೊಂಡಳು.

ಚೌಕಿಯ ಹೊರಗೆ ಐವತ್ತು ಅರವತ್ತು ಜನ. ಅಮಿತಾ ಅವರ ನಡುವೆ ತಲೆ ತಗ್ಗಿಸಿ ನುಗ್ಗಿದಳು. ಒಳಗೆ ಬೆಂಚಿನ ಮೇಲೆ ಚೆನ್ನಯ ಕೂತಿದ್ದರು. ಶರಟಿನ ತೋಳು ಹರಿದಿತ್ತು, ಎಡಗಿವಿಯಿಂದ ರಕ್ತ ಇಳಿದು ಕತ್ತಿನಲ್ಲಿ ಒಣಗಿತ್ತು. ಬಾಗಿ ಆಗಲೇ ಬಂದಿದ್ದರು. ಅಳುತ್ತಿರಲಿಲ್ಲ. ಗಂಡನಿಗೂ ಬಾಗಿಲಿಗೂ ನಡುವೆ, ಹೊರಗಿನವರಿಗೆ ಅವರು ಕಾಣದ ಹಾಗೆ, ಸೆರಗು ಬಿಗಿದು ನಿಂತಿದ್ದರು.

ಸಬ್ ಇನ್‌ಸ್ಪೆಕ್ಟರ್ ವಯಸ್ಸಾದವರು. ಅಮಿತಾ ತೋರಿಸಿದ ಫೋಟೋ ನೋಡಿದರು, ತಾರೀಕು ಓದಿದರು. ಇಂಥದ್ದನ್ನು ಇವತ್ತು ಬೆಳಗ್ಗೆಯೂ ಮಾಡಬಹುದಲ್ಲ ಎಂದರು. ಹೊರಗಿನವರು ಹೆಚ್ಚಾಗುತ್ತಿದ್ದಾರೆ, ಕಲ್ಯಾಣದಿಂದ ಗಾಡಿ ಕೇಳಿದ್ದೇನೆ, ಅದು ಬರುವವರೆಗೆ ಇವರನ್ನು ಹೊರಗೆ ಬಿಡುವಂತಿಲ್ಲ ಎಂದರು. ಆಗಲೇ ಕಿಟಕಿಗೆ ಒಂದು ಕಲ್ಲು ಬಿತ್ತು. ಗಾಜು ಒಡೆಯಲಿಲ್ಲ, ಬಿರುಕು ಬಿಟ್ಟಿತು.

ಅಮಿತಾಳ ಮೊಬೈಲು ಕೈಯಲ್ಲಿ ಅದುರಿತು. ಪುಣೆಯಿಂದ ಕೌಶಲ್. ಆಟದಲ್ಲಿ ನೀರನ್ನು ಬರೆದವನು. ಈಗ ಮದುವೆಯ ವಿಡಿಯೋ ಮಾಡುತ್ತಾನೆ. ಅದೇ ಮುಖ, ಅದೇ ಕೆಂಪಕ್ಷರ: ‘ಮಕ್ಕಳ ಕಳ್ಳ ಪುಣೆಯಲ್ಲಿದ್ದಾನೆ.’ ಒಂದು ನಿಮಿಷದಲ್ಲಿ ನಾಗಪುರ ಬಂತು. ಆಮೇಲೆ ಇಂದೋರ್, ಹೈದರಾಬಾದ್, ಎರಡು ಸಲ ಬೆಂಗಳೂರು, ನಾಶಿಕ್, ಸೂರತ್. ತಾಯಿಯ ಮನೆಗೆ ಹೋಗಿ ನೆಲೆಸಿದ ಶ್ರೀಪ್ರಿಯಾ ಉಡುಪಿಯಿಂದ ಕಳಿಸಿದ್ದಳು. ಪ್ರತಿಯೊಂದರ ಕೆಳಗೂ, ಕತ್ತರಿಸದೆ, ‘ಆಟ ಡೌನ್‌ಲೋಡ್ ಮಾಡಿ’ ಎಂಬ ಹಸಿರು ಗುಂಡಿ. ಅವಳು ಒಂದೊಂದಾಗಿ ಮೇಜಿನ ಮೇಲಿಟ್ಟು ತೋರಿಸಿದಳು. ಸಬ್ ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡು ಎಂಟೂ ಊರುಗಳನ್ನು ಓದಿ, ಎದ್ದರು.

ಅವರು ಮೆಟ್ಟಿಲ ಮೇಲೆ ನಿಂತು ಊರುಗಳ ಹೆಸರನ್ನು ಗಟ್ಟಿಯಾಗಿ ಓದಿದರು. ಈ ಮನುಷ್ಯ ಇವತ್ತು ಇಷ್ಟು ಊರಲ್ಲಿ ಮಕ್ಕಳನ್ನು ಕದ್ದನೇ ಎಂದು ಕೇಳಿದರು. ಮುಂದೆ ನಿಂತವನೊಬ್ಬನ ಮೊಬೈಲನ್ನು ಈಸಿಕೊಂಡು, ಆ ಆಟವನ್ನು ಅಲ್ಲೇ ಹಾಕಿಸಿ ತೋರಿಸಿದರು. ಮೊದಲು ನಗಾರಿಯ ಸದ್ದು ಬಂತು, ಆಮೇಲೆ ಚಿನ್ನದ ನಾಣ್ಯಗಳು ಸುರಿದವು, ಆಮೇಲೆ ಆ ಮುಖ. ಸುತ್ತ ನಿಂತವರು ಕತ್ತು ಚಾಚಿ ನೋಡಿದರು. ಯಾರೋ ಒಬ್ಬ ನಕ್ಕ. ಪಕ್ಕದವನು ಅವನಿಗೆ ಸುಮ್ಮನಿರುವಂತೆ ಹೇಳಿದ. ಕಲ್ಯಾಣದ ಪೊಲೀಸ್ ಗಾಡಿ ಬರುವ ಹೊತ್ತಿಗೆ ಹತ್ತು ಜನ ಉಳಿದಿರಲಿಲ್ಲ. ತಪ್ಪಾಯಿತೆಂದು ಹೇಳಲು ಯಾರೂ ಒಳಗೆ ಬರಲಿಲ್ಲ.

ಬಂದವಳು ನಿಶಾ. ಮಗಳನ್ನು ಸೊಪ್ಪಿನವಳ ಕೈಯಿಂದ ತೆಗೆದುಕೊಂಡು ಸೀದಾ ಬಂದಿದ್ದಳು. ಬೆಂಚಿನ ಎದುರು ನಿಂತು, ಬೆಳಗ್ಗೆ ಗ್ರೂಪಿನಲ್ಲಿ ನಿಮ್ಮ ಹೆಸರು ಬರೆದವಳು ನಾನು ಎಂದು ಅವಳೇ ಹೇಳಿದಳು. ಅನುಮಾನ ಬಂದದ್ದು ನಿಜ, ಹೆದರಿ ಕೇಳಿದೆ, ಹೀಗಾಗುತ್ತದೆಂದು ತಿಳಿಯಲಿಲ್ಲ ಎಂದಳು. ಬಾಗಿ ಮುಖ ತಿರುಗಿಸಿದರು.

ಚೆನ್ನಯ ಬಲಗಿವಿಯನ್ನು ಅವಳ ಕಡೆಗೆ ತಿರುಗಿಸಿ ಕೇಳಿಸಿಕೊಂಡರು. “ನನ್ನತ್ರ ಕೇಳ್ಬಹುದಿತ್ತಲ್ಲ ನಿಶಕ್ಕ,” ಎಂದರು. “ನನ್ನ ನಂಬರ್ ಉಂಟಲ್ಲ ನಿಮ್ಮತ್ರ.”



ಅವರ ಎಡಗಿವಿಯ ತಮಟೆ ಹರಿದಿತ್ತು. ಈಗಲೂ ಆ ಕಡೆಯಿಂದ ಅರ್ಧ ಮಾತ್ರ ಕೇಳಿಸುತ್ತದೆ. ಪೊಲೀಸರು ರಸ್ತೆಯ ಕ್ಯಾಮೆರಾದ ಚಿತ್ರ ತೋರಿಸಿದಾಗ ಅವರು ತಮಗೆ ಹೊಡೆದ ನಾಲ್ವರಲ್ಲಿ ಮೂವರನ್ನು ಗುರುತಿಸಿದರು. ನಾಲ್ಕನೆಯವನು ಆಮೇಲೆ ಜನರ ನಡುವಿನಿಂದ ಬಂದವನು, ವ್ಯಾನಿನಲ್ಲಿದ್ದ ಒಂದು ಮಗುವಿನ ತಂದೆ. ಅವನು ಯಾರೋ ಗೊತ್ತಿಲ್ಲ ಎಂದುಬಿಟ್ಟರು. ಮನೆಗೆ ಬಂದಮೇಲೆ ಬಾಗಿ ಇದಕ್ಕಾಗಿ ಜಗಳ ತೆಗೆದರು.

“ಅವನ ಮಗು ಒಳಗಿತ್ತು,” ಎಂದರು ಚೆನ್ನಯ. “ಅಮಿತಾ ಒಳಗಿದ್ದಿದ್ರೆ ನಾನು ಎಂತ ಮಾಡ್ತಿದ್ದೆ?”

ಬಾಗಿ ಒಪ್ಪಲಿಲ್ಲ. ಆ ಮನುಷ್ಯ ದಿನಾ ಎದುರಾಗುತ್ತಾನೆ. ಇವತ್ತಿಗೂ ಅವರು ಅವನನ್ನು ಮಾತಾಡಿಸುವುದಿಲ್ಲ.

ಅಮಿತಾಳನ್ನು ಮರುದಿನವೇ ಕೆಲಸದಿಂದ ತೆಗೆದರು. ಚಿತ್ರವನ್ನು ಹೊರಗೆ ಒಯ್ದದ್ದಕ್ಕೆ ವಕೀಲರ ನೋಟಿಸು ಬಂತು. ಜಾಹೀರಾತು ನಾಲ್ಕು ದಿನದಲ್ಲಿ ಸದ್ದಿಲ್ಲದೆ ಮಾಯವಾಯಿತು. ಅವಳು ಎರಡೂ ಕಂಪನಿಗಳ ಮೇಲೆ ದೂರು ಬರೆದಳು. ಮುಖ ಸಹಿತ ಆ ಚಿತ್ರ ನಮ್ಮ ಸ್ವತ್ತು ಎಂದು ಅವಳ ಕಂಪನಿ ಉತ್ತರ ಕೊಟ್ಟಿತು. ಆ ಕಾಗದವನ್ನು ಅವಳು ಅಪ್ಪನಿಗೆ ಓದಿ, ಅರ್ಥ ಹೇಳಿದಳು. ಅವರು ಎರಡನೆಯ ಸಲ ಓದಿಸಿದರು.

“ಮುಖ ಅವರದ್ದಾದರೆ ಪೆಟ್ಟೂ ಅವರೇ ತಿನ್ಬೇಕಿತ್ತು,” ಎಂದರು. “ಅದನ್ನು ಬರಿ. ಎಲ್ಲಿ ಸಹಿ ಹಾಕ್ಬೇಕು ಹೇಳು.”

ಚಿತ್ರ 2020ರದ್ದು, ಆಟಕ್ಕಾಗಿಯೇ ಬರೆದದ್ದು ಎಂದು ಕಂಪನಿಯ ಒಳಗಿನವರೊಬ್ಬರು ಹೇಳಬೇಕಿತ್ತು. ಅಮಿತಾ ಮನೀಶನನ್ನು ಕೇಳಿದಳು. ಅವನು ಎರಡು ದಿನ ಸಮಯ ಕೇಳಿದ. ಎರಡು ದಿನ ಕಳೆಯಿತು, ಫೋನ್ ಎತ್ತಲಿಲ್ಲ. ಅವಳು ಆಸೆ ಬಿಟ್ಟಿದ್ದಳು. ಐದನೆಯ ದಿನ, ಆದಿತ್ಯವಾರ, ಅವನು ಠಾಕುರ್ಲಿಯ ಮನೆಗೆ ಬಂದ. ಚೆನ್ನಯ ಬಾಗಿಲು ತೆರೆದರು. ಮೂರು ವರ್ಷ ಪರದೆಯ ಮೇಲೆ ನೋಡಿದ್ದ ಮುಖ ಎದುರಿಗೆ ಬಂದಾಗ ಅವನು ಹೊಸ್ತಿಲಲ್ಲೇ ನಿಂತ. ಒಳಗೆ ಕೂತು ಚಹಾ ಕುಡಿದು, ಬರೆದುಕೊಂಡು ಬಂದಿದ್ದ ಹೇಳಿಕೆಗೆ ಸಹಿ ಹಾಕಿ ಹೋದ. ಪ್ರಕರಣ ಇನ್ನೂ ನಡೆಯುತ್ತಿದೆ. ಅಮಿತಾ ಕಲ್ಯಾಣದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ, ಕೌಶಲನ ಜೊತೆ ಸಣ್ಣಪುಟ್ಟ ಕೆಲಸ ಮಾಡುತ್ತಾಳೆ.

ಮೂರು ವಾರದ ನಂತರ ಚೆನ್ನಯ ಮತ್ತೆ ವ್ಯಾನ್ ತೆಗೆದರು. ಏಳು ಮಕ್ಕಳಲ್ಲಿ ನಾಲ್ವರು ಬಂದರು, ಪ್ರೇಕ್ಷಾ ಸಹ. ಮೊದಲ ದಿನ ತೊಂಬತ್ತು ಅಡಿ ರಸ್ತೆಯ ಆ ಜಾಗದಲ್ಲಿ ಅವರ ಕಾಲು ಬ್ರೇಕಿನ ಮೇಲೇ ಗಟ್ಟಿಯಾಗಿಬಿಟ್ಟಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುವವರೆಗೆ ತೆಗೆಯಲಾಗಲಿಲ್ಲ. ಅದನ್ನು ಅವರು ಮನೆಯಲ್ಲಿ ಹೇಳಿದ್ದೇ ತಡ, ಮರುದಿನ ಬಾಗಿ ಕೊಡೆ ಹಿಡಿದು ಮುಂದಿನ ಸೀಟಿನಲ್ಲಿ ಬಂದು ಕೂತರು. ಒಂದು ತಿಂಗಳ ಮಟ್ಟಿಗೆ ಎಂದಿದ್ದರು. ಈಗ ವರ್ಷವಾಗುತ್ತ ಬಂತು. ಹಾದಿಯಲ್ಲಿ ಎಡಗಡೆಯಿಂದ ಬೈಕು ಹತ್ತಿರ ಬಂದರೆ ಅವರು ಗಟ್ಟಿಯಾಗಿ ಹೇಳುತ್ತಾರೆ, ಚೆನ್ನಯ ನಿಧಾನ ಮಾಡುತ್ತಾರೆ. ಮಕ್ಕಳನ್ನು ಇಳಿಸಿ, ಕೈ ಹಿಡಿದು, ಗೇಟಿನ ಒಳಗೆ ಬಿಟ್ಟು ಬರುವುದು ಬಾಗಿ.